ಇದನ್ನ ಮಾಡಿದಾಕಿ ಯಾರು?

ಅವ್ವ ವರ್ಷಕ್ಕೊಮ್ಮೆ ಬೆಂಗಳೂರಿಗೆ ಬರ್ತಾಳೆ. ಬರೋದು ನನ್ನ ನೋಡೋಕೆ. ಆದರೆ ಬಂದ ಎರಡನೇ ದಿನಕ್ಕೇ "ಮನ್ಯಾಗ ಕುಂತ್ ಕುಂತ್ ಕಾಲು ಜೋಮು ಹಿಡದಾವ ನೋಡ" ಅಂತ ಶುರು ಮಾಡ್ತಾಳೆ. ಕೊಕಟನೂರಲ್ಲಿ ಬೆಳಗಾದರೆ ದನಕರು, ಹೊಲ, ನೀರು, ನೆಂಟರು ಅಂತ ಓಡಾಡೋ ಜೀವ ಅದು. ಎರಡು ರೂಮಿನ ಬಾಡಿಗೆ ಮನೆಯಲ್ಲಿ ಎಷ್ಟು ಹೊತ್ತು ಅಂತ ಕೂತಾಳು? ಅದಕ್ಕೇ ಈ ಸಲ ಭಾನುವಾರ ಬೆಳಿಗ್ಗೆ ಲಾಲ್‌ಬಾಗಿಗೆ ಕರ್ಕೊಂಡು ಹೋದೆ.

ಪಶ್ಚಿಮ ದ್ವಾರದ ಹತ್ತಿರ ಕುವೆಂಪು ಅವರ ಶಿಲ್ಪ ಇದೆ. ನಾನು ಆ ದಾರಿಯಲ್ಲಿ ನಾಲ್ಕು ವರ್ಷದಿಂದ ಓಡಾಡ್ತಿದ್ದೀನಿ. ಕಿವಿಯಲ್ಲಿ ಇಯರ್‌ಫೋನ್, ಕೈಯಲ್ಲಿ ಫೋನ್, ತಲೆಯಲ್ಲಿ ಒಂಬತ್ತೂವರೆ ಮೀಟಿಂಗು. ಅವ್ವ ಅಲ್ಲಿ ನಿಂತುಬಿಟ್ಟಳು.

"ಇವ್ರು ಕುವೆಂಪು ಅಲ್ಲೇನ? ನಮ್ಮ ಸಾಲಿ ಪುಸ್ತಕದಾಗ ಇದ್ರು."

"ಹೌದ ಬೇ, ಅವರ."

"ಚಂದ್ ಮಾಡ್ಯಾರ. ಯಾರ ಮಾಡ್ಯಾರವಾ ಇದನ್ನ?"

"ಯಾರೋ ಶಿಲ್ಪಿ ಇರಬೇಕು ಬೇ. ನಡಿ, ಬಿಸಲಾಗ್ತದ."

"ಯಾರೋ ಅಂದ್ರ? ಅವಗ ಹೆಸರ ಇರಂಗಿಲ್ಲೇನ?"

ಉತ್ತರ ಗೊತ್ತಿಲ್ಲದಾಗ ನಾವೆಲ್ಲ ಏನು ಮಾಡ್ತೀವೋ ಅದನ್ನೇ ಮಾಡಿದೆ. ಬೆಂಚಿನ ಮೇಲೆ ಕೂತು ಫೋನ್ ತೆಗೆದೆ. ಹೆಸರು ಸಿಕ್ಕಿತು. ಕನಕಾ ಮೂರ್ತಿ.

"ಬೇ, ಅವ ಅಲ್ಲ, ಆಕಿ."

"ಹೆಣ್ಮಗಳಾ?" ಅಂತ ಅವ್ವ ಇನ್ನೊಂದು ಸಲ ತಿರುಗಿ ಆ ಶಿಲ್ಪವನ್ನು ನೋಡಿದಳು. ನಾನೂ ನೋಡಿದೆ. ನಾಲ್ಕು ವರ್ಷದಲ್ಲಿ ಮೊದಲನೇ ಸಲ ಸರಿಯಾಗಿ ನೋಡಿದ್ದು ಅಂತ ಹೇಳಿಕೊಳ್ಳೋಕೆ ನಾಚಿಕೆ ಆಗುತ್ತೆ.

ಆಮೇಲೆ ಮನೆಗೆ ಬಂದು ಆಕೆಯ ಬಗ್ಗೆ ಓದಿದ್ದನ್ನೆಲ್ಲ ಅವ್ವನಿಗೆ ಹೇಳಿದೆ. ನಿಮಗೂ ಹೇಳಬೇಕು ಅನಿಸಿತು.

ಕನಕಾ ಮೂರ್ತಿ ಹುಟ್ಟಿದ್ದು 1942ರಲ್ಲಿ, ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ. ಕಾವೇರಿ, ಕಪಿಲೆ ಕೂಡುವ ಊರು. ಮನೆತನ ಶಿಲ್ಪಿಗಳದ್ದಲ್ಲ, ಸಂಪ್ರದಾಯಸ್ಥರ ಮನೆ. ಓದಿದ್ದು ಬಿಎಸ್ಸಿ. ಆ ಕಾಲದಲ್ಲಿ ಒಬ್ಬ ಹುಡುಗಿ ಬಿಎಸ್ಸಿ ಮುಗಿಸಿದರೆ ಮುಂದಿನ ದಾರಿ ಎರಡೇ: ಒಂದು ಟೀಚರ್ ಕೆಲಸ, ಇನ್ನೊಂದು ಮದುವೆ. ಈಕೆ ಬೆಂಗಳೂರಿಗೆ ಬಂದು, ಎ.ಎನ್. ಸುಬ್ಬರಾಯರು ಕಟ್ಟಿದ ಕಲಾಮಂದಿರ ಎಂಬ ಚಿತ್ರಕಲಾ ಶಾಲೆಗೆ ಸೇರಿದರು. ಚಿತ್ರ ಕಲಿತರು, ಸಿತಾರ್ ಕಲಿತರು. ಆಮೇಲೆ ದೇವಲಕುಂದ ವಾದಿರಾಜರ ಬಳಿ ಉಳಿ ಸುತ್ತಿಗೆ ಹಿಡಿದು ಸಾಂಪ್ರದಾಯಿಕ ಶಿಲ್ಪ ಕಲಿಯೋಕೆ ಕೂತರು. ವಾದಿರಾಜರು ಹೊಯ್ಸಳರ ಶೈಲಿಯಲ್ಲಿ ದೊಡ್ಡ ಹೆಸರು ಮಾಡಿದ ಶಿಲ್ಪಿ.

"ಕೂತರು" ಅಂತ ಒಂದು ಪದದಲ್ಲಿ ಬರೆದುಬಿಟ್ಟೆ. ಆದರೆ ಅದು ಸುಲಭದ ಮಾತಾಗಿರಲಿಲ್ಲ. ನಮ್ಮಲ್ಲಿ ದೇವರ ಮೂರ್ತಿ ಕೆತ್ತೋ ವಿದ್ಯೆ ಹೆಚ್ಚಾಗಿ ವಿಶ್ವಕರ್ಮರ ಮನೆಗಳಲ್ಲಿ ತಂದೆಯಿಂದ ಮಗನಿಗೆ ಬಂದದ್ದು. ಮಗ ಎಂಟು ಹತ್ತು ವರ್ಷದವನಿದ್ದಾಗಲೇ ಅಪ್ಪನ ಪಕ್ಕ ಕೂತು ಉಳಿಗೆ ಸಾಣೆ ಹಿಡಿಯೋಕೆ ಶುರು ಮಾಡ್ತಾನೆ. ಅದೇ ಮನೆಯ ಮಗಳು ಅದೇ ಅಂಗಳದಲ್ಲಿ ಬೆಳೆದರೂ ಉಳಿ ಅವಳ ಕೈಗೆ ಬರೋದಿಲ್ಲ. ಮುಟ್ಟಾಗೋ ಹೆಂಗಸು ಗರ್ಭಗುಡಿಗೆ ಹೋಗೋ ಮೂರ್ತಿಯನ್ನು ಮುಟ್ಟಬಾರದು ಅನ್ನೋ ನಂಬಿಕೆ ಒಂದು ಕಡೆ. "ಕಲ್ಲು ಹೊಡೆಯೋದು ಹೆಂಗಸರ ಕೆಲಸ ಅಲ್ಲ" ಅನ್ನೋದು ಇನ್ನೊಂದು ಕಡೆ. ಈ ಎರಡನೇ ಮಾತು ಕೇಳಿ ಅವ್ವ ನಕ್ಕುಬಿಟ್ಟಳು. "ರೋಡ್ ಮಾಡೋ ಮುಂದ ಬಿಸಲಾಗ ಕುಂತು ಜಲ್ಲಿ ಒಡೆಯಾವ್ರು ಯಾರಂತ?" ಅಂದಳು. ನಿಜ. ರಸ್ತೆಗೆ ಕಲ್ಲು ಒಡೆಯೋಕೆ ಹೆಂಗಸರು ಆಗ್ತಾರೆ. ಕಲ್ಲಿಗೆ ಕಣ್ಣು ಮೂಗು ಕೊಡೋಕೆ ಮಾತ್ರ ಆಗಲ್ಲ ಅಂತಿದ್ದರು.

ಕಲ್ಲಿನ ಕೆಲಸ ಹೇಗಿರುತ್ತೆ ಅಂತ ಸ್ವಲ್ಪ ಹೇಳ್ತೀನಿ, ಯಾಕಂದ್ರೆ ಆಗಲೇ ಆಕೆ ಮಾಡಿದ್ದರ ತೂಕ ಗೊತ್ತಾಗೋದು. ಮಣ್ಣಿನಲ್ಲಿ ಮಾಡೋ ಶಿಲ್ಪದಲ್ಲಿ ಮೂಗು ಸಣ್ಣದಾಯ್ತು ಅಂದ್ರೆ ಇನ್ನೊಂದು ಚೂರು ಮಣ್ಣು ಮೆತ್ತಬಹುದು. ಕಲ್ಲಿನಲ್ಲಿ ತೆಗೆಯೋದು ಮಾತ್ರ ಇದೆ, ಹಾಕೋದು ಇಲ್ಲ. ಒಂದು ಏಟು ಜೋರಾದರೆ ಮೂಗಿನ ಜೊತೆ ಆರು ತಿಂಗಳ ಕೆಲಸ ಹೋಗುತ್ತೆ. ನಾವು ಆಫೀಸಿನಲ್ಲಿ ಕಂಟ್ರೋಲ್ ಝೆಡ್ ಒತ್ತಿ ಒತ್ತಿ ಬದುಕೋ ಜನ, ನಮಗೆ ಇದು ಅಷ್ಟು ಬೇಗ ಅರ್ಥ ಆಗಲ್ಲ. ಮೊದಲು ದಪ್ಪ ಉಳಿಯಿಂದ ಬೇಡದ ಭಾಗ ಒಡೆದು ತೆಗೀತಾರೆ. ಆಮೇಲೆ ಸಣ್ಣ ಉಳಿ, ಇನ್ನೂ ಸಣ್ಣ ಉಳಿ, ಕೊನೆಗೆ ಉಜ್ಜಿ ನಯ ಮಾಡೋದು. ದಿನವಿಡೀ ಕಣ್ಣಿಗೆ ಮೂಗಿಗೆ ಕಲ್ಲಿನ ಧೂಳು.

ಸಂಪ್ರದಾಯದ ಶಿಲ್ಪದಲ್ಲಿ ಇದಕ್ಕೆಲ್ಲ ಲೆಕ್ಕ ಇದೆ. ಮುಖದ ಉದ್ದ ಒಂದು ತಾಳ, ಒಂದು ತಾಳಕ್ಕೆ 12 ಅಂಗುಲ. ಯಾವ ದೇವರಿಗೆ ಎಷ್ಟು ತಾಳದ ಮೈ, ಕೈ ಎಲ್ಲಿ ಮಡಚಬೇಕು, ಹುಬ್ಬು ಹೇಗೆ ಬಾಗಬೇಕು ಅಂತ ಶಿಲ್ಪಶಾಸ್ತ್ರ ಹೇಳುತ್ತೆ. ಎಲ್ಲ ಮುಗಿದ ಮೇಲೆ, ಕೊಟ್ಟ ಕೊನೆಗೆ, ಮೂರ್ತಿಗೆ ಕಣ್ಣು ತೆರೆಸೋದು. ಇದೆಲ್ಲ ಪುಸ್ತಕ ಓದಿ ಬರೋದಲ್ಲ, ಗುರುವಿನ ಪಕ್ಕ ವರ್ಷಗಟ್ಟಲೆ ಕೂತರೆ ಮಾತ್ರ ಕೈಗೆ ಹತ್ತೋದು.

ಕನಕಾ ಮೂರ್ತಿ ಆ ವಿದ್ಯೆಯನ್ನು ಪೂರ್ತಿ ಕಲಿತರು, ದೇವರ ಮೂರ್ತಿಗಳನ್ನೂ ಕೆತ್ತಿದರು. ಆದರೆ ಅಲ್ಲಿಗೇ ನಿಲ್ಲಲಿಲ್ಲ, ಮನುಷ್ಯರ ಮುಖಕ್ಕೂ ಕೈ ಹಾಕಿದರು. ದೇವರಿಗೆ ವಯಸ್ಸಾಗಲ್ಲ, ಶಾಸ್ತ್ರದಲ್ಲಿ ಬರೆದಿಟ್ಟ ಮುಖ ಅದು. ಮನುಷ್ಯರ ಮುಖಕ್ಕೆ ಶಾಸ್ತ್ರ ಇಲ್ಲ. ಹಣೆಯ ಗೆರೆ, ಕೆನ್ನೆಯ ಗುಳಿ, ತುಟಿಯ ಒಂದು ಕಡೆಯ ಓರೆ ನಗು ಎಲ್ಲವನ್ನೂ ನೋಡಿ ನೋಡಿ ತಗೀಬೇಕು. ನೋಡಿದವರು "ಹೌದು, ಇವರೇ" ಅನ್ನಬೇಕು.

ಅವರ ಕೈಯಲ್ಲಿ ಸಂಗೀತಗಾರರು ಸಾಲುಸಾಲಾಗಿ ಮೂಡಿದರು. ಪಿಟೀಲು ಚೌಡಯ್ಯ, ವೀಣೆ ದೊರೆಸ್ವಾಮಿ ಅಯ್ಯಂಗಾರ್, ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನ್ಸೂರ. ಚೌಡಯ್ಯನವರ ಪೂರ್ತಿ ಹೆಸರು ತಿರುಮಕೂಡಲು ಚೌಡಯ್ಯ. ಅಂದ್ರೆ ಶಿಲ್ಪಿ ಮತ್ತು ಶಿಲ್ಪ ಎರಡೂ ಒಂದೇ ಊರಿನ ನೀರು ಕುಡಿದವು. ಗಂಗೂಬಾಯಿ, ಮನ್ಸೂರರ ಹೆಸರು ಕೇಳಿ ಅವ್ವನ ಮುಖ ಅರಳಿತು. ನಮ್ಮ ಕಡೆಯವರಲ್ವಾ! ಸ್ವತಃ ಸಿತಾರ್ ಕಲಿತವರಿಗೆ ಹಾಡುವವರ ಕತ್ತು, ನುಡಿಸುವವರ ಬೆರಳು ಹೇಗಿರುತ್ತೆ ಅಂತ ಗೊತ್ತಿರುತ್ತೆ ಬಿಡಿ.

ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಶಾಲೆಯಿಂದ ಟ್ರಿಪ್ ಹೋದವರು ರೈಟ್ ಸಹೋದರರ ಶಿಲ್ಪ ನೋಡಿರ್ತೀರಿ. ಅದೂ ಇವರದ್ದೇ. ಹೀಗೆ ಸಾರ್ವಜನಿಕ ಜಾಗಗಳಲ್ಲೇ ಇವರ 200ಕ್ಕೂ ಹೆಚ್ಚು ಶಿಲ್ಪಗಳಿವೆ. ರಾಜ್ಯೋತ್ಸವ ಪ್ರಶಸ್ತಿ ಬಂತು. ಶಿಲ್ಪಕಲಾ ಅಕಾಡೆಮಿಯ ಪ್ರಶಸ್ತಿ ಬಂತು. ರಾಜ್ಯ ಸರ್ಕಾರ ಶಿಲ್ಪಿಗಳಿಗೆ ಕೊಡೋ ಜಕಣಾಚಾರಿ ಪ್ರಶಸ್ತಿಯನ್ನು ಪಡೆದ ಮೊದಲ ಮಹಿಳೆ ಇವರೇ. 2021ರ ಮೇ ತಿಂಗಳಲ್ಲಿ, ಕೊರೊನಾದ ಎರಡನೇ ಅಲೆಯಲ್ಲಿ ಕನಕಾ ಮೂರ್ತಿ ತೀರಿಕೊಂಡರು. ಆಗ ಅವರಿಗೆ 78 ವರ್ಷ. ಆ ತಿಂಗಳು ನೆನಪಿದೆಯಲ್ಲ? ಆಕ್ಸಿಜನ್, ಬೆಡ್, ರೆಮ್ಡಿಸಿವಿರ್ ಅಂತ ಫೋನಿನ ತುಂಬ ಬರೀ ಅದೇ. ಎಷ್ಟೋ ದೊಡ್ಡವರು ಆ ಗದ್ದಲದಲ್ಲಿ ಸದ್ದಿಲ್ಲದೆ ಹೋದರು.

ಜಕಣಾಚಾರಿ ಅಂದ್ರೆ ನಮಗೆಲ್ಲ ಗೊತ್ತು. ಬೇಲೂರಿನ ಕಪ್ಪೆ ಚೆನ್ನಿಗರಾಯನ ಕಥೆ ಕೇಳದ ಕನ್ನಡದ ಮಕ್ಕಳಿಲ್ಲ. ಅದು ಐತಿಹ್ಯ. ಆದರೆ ಬೇಲೂರಿನ ಕಲ್ಲಿನ ಮೇಲೆ ನಿಜವಾದ ಶಿಲ್ಪಿಗಳ ಹೆಸರುಗಳೂ ಇವೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಾವು ಕೆತ್ತಿದ ಮದನಿಕೆಯರ ಕೆಳಗೆ ಹೆಸರು ಕೊರೆದಿದ್ದಾರೆ. ಸುಮಾರು 900 ವರ್ಷ ಆದರೂ ನಾವು ಅವರನ್ನು ಹೆಸರು ಹಿಡಿದು ಕರೀತೀವಿ. ಹೊಯ್ಸಳರ ಶಿಲ್ಪಿಗಳು ಈ ವಿಷಯದಲ್ಲಿ ಬಹಳ ಜಾಣರು. ಆದರೆ ಒಂದು ಗಮನಿಸಿ. ಮೇಲೆ ಕನ್ನಡಿ ಹಿಡಿದು ನಿಂತವಳು ಹೆಣ್ಣು, ಕುಣಿಯುವವಳು ಹೆಣ್ಣು, ಕೂದಲು ಹಿಂಡುವವಳು ಹೆಣ್ಣು. ಕೆಳಗೆ ಸಹಿ ಮಾತ್ರ ದಾಸೋಜ, ಚಾವಣ, ಮಲ್ಲಿತಮ್ಮ ಅಂತ ಗಂಡಸರದ್ದು. (ಮಲ್ಲಿತಮ್ಮ ಅಂದ ಕೂಡಲೇ ಹೆಂಗಸು ಅಂದ್ಕೋಬೇಡಿ, ನಾನೂ ಅಂದ್ಕೊಂಡಿದ್ದೆ.) ಆ ಸಾಲಿಗೆ ಒಂದು ಹೆಣ್ಣಿನ ಹೆಸರು ಸೇರೋಕೆ ಎಷ್ಟು ನೂರು ವರ್ಷ ಬೇಕಾಯ್ತು ನೋಡಿ.

ಇದು ಬರೀ ನಮ್ಮ ಕಡೆಯ ಕಥೆ ಅಂದ್ಕೊಂಡಿದ್ದೆ. ಆ ರಾತ್ರಿ ಅವ್ವ ಮಲಗಿದ ಮೇಲೆ, ಬೇರೆ ದೇಶಗಳಲ್ಲಿ ಹೆಣ್ಣು ಶಿಲ್ಪಿಗಳ ಕಥೆ ಏನಾಯ್ತು ಅಂತ ಓದುತ್ತ ಹೋದೆ. ಕಲೆಯ ರಾಜಧಾನಿ ಅನ್ನಿಸಿಕೊಂಡ ಪ್ಯಾರಿಸ್ಸಿನಲ್ಲೂ ಇದೇ. ಅಲ್ಲಿ ಕಮೀಲ್ ಕ್ಲೋಡೆಲ್ ಅಂತ ಒಬ್ಬಳು ಇದ್ದಳು. ಹುಟ್ಟಿದ್ದು 1864ರಲ್ಲಿ. ಚಿಕ್ಕವಳಿದ್ದಾಗಲೇ ಜೇಡಿಮಣ್ಣಿನ ಹುಚ್ಚು. ಅಲ್ಲಿನ ದೊಡ್ಡ ಸರ್ಕಾರಿ ಕಲಾಶಾಲೆ 1897ರವರೆಗೂ ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಹಾಗಾಗಿ ಖಾಸಗಿ ಶಾಲೆಯಲ್ಲಿ ಕಲಿತಳು, ಆಮೇಲೆ ಪ್ರಸಿದ್ಧ ಶಿಲ್ಪಿ ರೋಡಾನ್ ಅವರ ಕಾರ್ಯಾಗಾರದಲ್ಲಿ ಸಹಾಯಕಿಯಾದಳು. ಕಾರ್ಯಾಗಾರದ ಪದ್ಧತಿ ಏನು? ಕೈ ಯಾರದ್ದಾದರೂ ಇರಲಿ, ಕಾಲು ಯಾರಾದರೂ ತಿದ್ದಲಿ, ಹೊರಗೆ ಹೋಗೋದು ಯಜಮಾನನ ಹೆಸರಲ್ಲಿ.

ನಮಗೆ ಹತ್ತಿರದ ಒಂದು ವಿಷಯ ಇಲ್ಲಿದೆ. ಈಕೆಗೆ ಮೊದಲು ಹೆಸರು ತಂದ ದೊಡ್ಡ ಶಿಲ್ಪ ಯಾವುದು ಗೊತ್ತಾ? 'ಶಕುಂತಲೆ'. ನಮ್ಮ ಕಾಳಿದಾಸನ ಶಕುಂತಲೆ! ಮರೆತ ದುಷ್ಯಂತ ಕೊನೆಗೆ ನೆನಪು ಬಂದು ಅವಳ ಮುಂದೆ ಮಂಡಿಯೂರಿದ್ದಾನೆ, ಅವಳು ಅವನ ಕಡೆಗೆ ಬಾಗಿದ್ದಾಳೆ. 1888ರಲ್ಲಿ ಪ್ಯಾರಿಸ್ಸಿನ ಪ್ರದರ್ಶನದಲ್ಲಿ ಅದಕ್ಕೆ ಗೌರವ ಉಲ್ಲೇಖ ಸಿಕ್ಕಿತು. ಕೆಲವು ವರ್ಷಗಳ ಮೇಲೆ ಅದೇ ಶಿಲ್ಪವನ್ನು ಅಮೃತಶಿಲೆಯಲ್ಲಿ ಮಾಡಿದಾಗ ಅದಕ್ಕೆ ರೋಮನ್ ದೇವತೆಗಳ ಹೆಸರು ಬಂತು, ಕಂಚಿನಲ್ಲಿ ಎರಕ ಹೊಯ್ದಾಗ ಮತ್ತೊಂದು ಹೆಸರು. ಶಿಲ್ಪದೊಳಗಿನ ಶಕುಂತಲೆಯೇ ಹೆಸರು ಕಳ್ಕೊಂಡಳು.

ಮಾಡಿದವಳ ಗತಿ ಇನ್ನೂ ಕೆಟ್ಟದ್ದು. ರೋಡಾನ್ ಜೊತೆಗಿನ ಸಂಬಂಧ ಮುರಿಯಿತು. ಒಂಟಿತನ, ಬಡತನ, ಮನಸ್ಸಿನ ಕಾಯಿಲೆ. ಎಷ್ಟೋ ಕೃತಿಗಳನ್ನು ತಾನೇ ಒಡೆದು ಹಾಕಿದಳು. 1913ರ ಮಾರ್ಚಿನಲ್ಲಿ ಅವಳ ಬೆನ್ನಿಗೆ ನಿಂತಿದ್ದ ಅಪ್ಪ ತೀರಿಕೊಂಡ. ಆಮೇಲೆ ಎರಡು ವಾರವೂ ಕಳೆಯಲಿಲ್ಲ, ಮನೆಯವರು ಅವಳನ್ನು ಮಾನಸಿಕ ಆಸ್ಪತ್ರೆಗೆ ಸೇರಿಸಿದರು. ಮನೆಗೆ ಕಳಿಸಬಹುದು ಅಂತ ಡಾಕ್ಟರು ಹೇಳಿದರೂ ತಾಯಿ ಒಪ್ಪಲಿಲ್ಲ. 30 ವರ್ಷ ಇಂಥ ಆಸ್ಪತ್ರೆಗಳಲ್ಲೇ ಇದ್ದು, 1943ರಲ್ಲಿ ಆಸ್ಪತ್ರೆಯಲ್ಲೇ ಸತ್ತಳು. ಸಮಾಧಿಗೆ ಒಂದು ಸ್ವಂತ ಕಲ್ಲೂ ಉಳಿಯಲಿಲ್ಲ. ಅವಳ ಹೆಸರಿನದ್ದೇ ಒಂದು ಮ್ಯೂಸಿಯಂ ಫ್ರಾನ್ಸಿನಲ್ಲಿ ಬಾಗಿಲು ತೆರೆದದ್ದು 2017ರಲ್ಲಿ.

ಬೆಳಿಗ್ಗೆ ಚಹಾ ಕುಡಿಯೋವಾಗ ಅವ್ವನಿಗೆ ಇದನ್ನೂ ಹೇಳಿದೆ. ಅವ್ವ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, "ಹಡೆದ ತಾಯಿನ ಮನಿಗಿ ಬ್ಯಾಡ ಅಂದ್ಲಾ?" ಅಂದಳು. ರೋಡಾನ್, ಮ್ಯೂಸಿಯಂ ಯಾವುದೂ ಅವಳಿಗೆ ಮುಖ್ಯ ಆಗಲಿಲ್ಲ. ಅದೊಂದೇ ಮಾತು ಅವಳಿಗೆ ತಾಗಿತು.

ಕಮೀಲ್ ಮತ್ತು ಕನಕಾ ಮೂರ್ತಿ ಒಂದೇ ಅಂತ ನಾನು ಹೇಳ್ತಿಲ್ಲ. ಕನಕಾ ಅವರಿಗೆ ಕಲಿಸೋ ಗುರು ಸಿಕ್ಕರು, ಕೈ ತುಂಬ ಕೆಲಸ ಸಿಕ್ಕಿತು, ಪ್ರಶಸ್ತಿಗಳೂ ಬಂದವು. ಅವರ ಶಿಲ್ಪಗಳನ್ನು ಯಾರೂ ಬಚ್ಚಿಡಲಿಲ್ಲ, ನಡುಬೀದಿಯಲ್ಲೇ ಇಟ್ಟರು. ಆದರೂ ನಾಲ್ಕು ವರ್ಷ ದಿನಾ ಅದರ ಮುಂದೆ ನಡೆದಾಡಿದ ನನಗೆ ಅವರ ಹೆಸರು ಗೊತ್ತಿರಲಿಲ್ಲ. ಇದರ ತಪ್ಪು ಯಾರ ಮೇಲೆ ಹೊರಿಸಲಿ? ನಾನು ಒಂದು ಸಲವೂ ಕೇಳಲೇ ಇಲ್ಲ. ಕೇಳಿದ್ದು ಏಳನೇ ಇಯತ್ತೆ ಓದಿದ ನಮ್ಮವ್ವ.

ಮೊನ್ನೆ 2025ರಲ್ಲಿ ಮಿಲಾನಿನ ಫ್ಯಾಶನ್ ಶೋದಲ್ಲಿ ಪ್ರಾಡಾ ಕಂಪನಿ ಕೊಲ್ಲಾಪುರಿ ಚಪ್ಪಲಿಯಂಥದ್ದೇ ಚಪ್ಪಲಿ ತೋರಿಸಿ, ಎಲ್ಲಿಯದು ಅಂತ ಹೇಳದೇ ಇದ್ದಾಗ ನಾವೆಲ್ಲ ಎಷ್ಟು ಸಿಟ್ಟಾದೆವು! ನಾನೂ ಎರಡು ಸ್ಟೋರಿ ಹಾಕಿದ್ದೆ. ಆ ಚಪ್ಪಲಿಯ ಜಿಐ ಟ್ಯಾಗ್ ಮಹಾರಾಷ್ಟ್ರದ ಜೊತೆ ನಮ್ಮ ಬೆಳಗಾವಿ ಜಿಲ್ಲೆಗೂ ಸೇರಿದ್ದು. ಅಥಣಿ, ನಿಪ್ಪಾಣಿ ಕಡೆ ಮನೆಮನೆಯಲ್ಲಿ ಮಾಡ್ತಾರೆ. ಗಂಡಸರು ತೊಗಲು ಕತ್ತರಿಸಿ ಅಟ್ಟೆ ಮಾಡಿದರೆ, ಮೇಲಿನ ಸಣ್ಣ ಹೆಣಿಗೆ, ಹೊಲಿಗೆ ಹೆಚ್ಚಾಗಿ ಹೆಂಗಸರದ್ದು. ಪ್ರಾಡಾ ನಮ್ಮ ಹೆಸರು ಹೇಳಲಿಲ್ಲ ಅಂತ ಕೂಗಾಡಿದ ನಾನು, ನನ್ನ ಕಾಲಲ್ಲಿರೋ ಜೋಡನ್ನು ಹೆಣೆದವರು ಯಾರು ಅಂತ ಕೇಳಿದ್ದೀನಾ? ಇಲ್ಲ.

ಇದಕ್ಕಿಂತ ಹತ್ತಿರದ ತಪ್ಪು ಒಂದಿದೆ. ಅದನ್ನೂ ಹೇಳಿಬಿಡ್ತೀನಿ.

ಎರಡು ವರ್ಷದ ಹಿಂದೆ ಅವ್ವ ಎರಡು ಕೌದಿ ಕಳಿಸಿದ್ದಳು. ಹಳೇ ಸೀರೆ, ಧೋತರ, ಅಪ್ಪನ ಅಂಗಿ ಎಲ್ಲ ಪದರ ಪದರ ಹಾಕಿ ಹೊಲಿದದ್ದು. ಸುಗ್ಗಿ ಮುಗಿದು ಬೇಸಿಗೆ ಬಂದ ಮೇಲೆ ನಮ್ಮ ಕಡೆ ಹೆಂಗಸರು ಪಡಸಾಲೆಯಲ್ಲಿ ಕೂತು ಹೊಲೀತಾರಲ್ಲ, ಅದು. ಒಂದನ್ನು ಆಫೀಸಿನ ಗೆಳತಿಯ ಹೊಸ ಮನೆಗೆ ಉಡುಗೊರೆ ಕೊಟ್ಟೆ. ಅವಳು ಅದನ್ನು ಸೋಫಾ ಮೇಲೆ ಹಾಸಿ, ಫೋಟೋ ತೆಗೆದು, "ಎಷ್ಟು ಚೆನ್ನಾಗಿದೆ! ಯಾರು ಮಾಡಿದ್ದು? ಯಾರ ಹೆಸರು ಹಾಕಲಿ?" ಅಂತ ಮೆಸೇಜ್ ಮಾಡಿದಳು. ನಾನು ಏನಂದೆ ಗೊತ್ತಾ? "ಸುಮ್ನೆ ನಾರ್ತ್ ಕರ್ನಾಟಕ ಹ್ಯಾಂಡ್‌ಮೇಡ್ ಅಂತ ಹಾಕು." ನಮ್ಮವ್ವ ಮಾಡಿದ್ದು ಅನ್ನೋಕೆ ಯಾಕೋ ಸಂಕೋಚ ಆಯ್ತು. ಹಳೇ ಬಟ್ಟೆಯದು ಅಂತ ಗೊತ್ತಾದರೆ ಏನಂದುಕೊಳ್ತಾಳೋ ಅಂತ. ಆ ಫೋಟೋಗೆ ನೂರಾರು ಲೈಕ್ ಬಂತು. ಅವ್ವನ ಹೆಸರು ಎಲ್ಲೂ ಇರಲಿಲ್ಲ.

ಅವ್ವ ಊರಿಗೆ ಹೊರಡೋ ಹಿಂದಿನ ರಾತ್ರಿ ಇದನ್ನು ಹೇಳಿದೆ. ಬೈತಾಳೆ ಅಂದ್ಕೊಂಡಿದ್ದೆ. ಅವ್ವ ತನ್ನ ಚೀಲ ಕಟ್ಟುತ್ತಲೇ, "ನನ್ನ ಹೆಸರ ಹಾಕಿದ್ರೂ ಸುಳ್ಳ ಆಗ್ತಿತ್ತ" ಅಂದಳು.

"ಯಾಕ ಬೇ?"

"ನಾ ಒಬ್ಬಾಕಿನ ಎಲ್ಲಿ ಹೊಲದೇನಿ? ಅಂಚು ಪೂರಾ ಮ್ಯಾಲಿನ ಮನಿ ಕಾಕು ಹೊಲದಾಳ. ನಡುವಿನ ತುಂಡು ಜೋಡಿಸಿದ್ದು ಹಿಂದಿನ ಮನಿ ಆಯಿ, ಆಕಿ ಕೈ ಬಾಳ ಸಣ್ಣ. ಬಣ್ಣ ಆರಿಸಿದ್ದು ನಿಮ್ಮ ಚಿಗವ್ವ."

"ತಡಿ, ಬರಕೋತೀನಿ" ಅಂತ ಫೋನ್ ತೆಗೆದೆ. ಚಿಗವ್ವನ ಹೆಸರು ಗೊತ್ತು, ಬರೆದೆ. ಕಾಕೂನ ಹೆಸರು ಅವ್ವ ಹೇಳಿದಳು, ಬರೆದೆ.

"ಮತ್ತ ಆ ಆಯಿ ಹೆಸರ ಏನ ಬೇ?"

ಅವ್ವ ಚೀಲದ ಗಂಟು ಬಿಗಿಯೋದನ್ನು ನಿಲ್ಲಿಸಿದಳು. "ಆಯಿ ಅಂತನ ಕರೀತೀವಲ್ಲ... ನಾ ಲಗ್ನಾಗಿ ಬಂದಾಗಿಂದ ಆಯಿನ. ಹೆಸರ..." ಅಂತ ಹಣೆಗೆ ಕೈ ಹಚ್ಚಿಕೊಂಡಳು. ಮೂವತ್ತು ವರ್ಷ ಗೋಡೆಗೆ ಗೋಡೆ ಹತ್ತಿದ ಮನೆ. ನಾನು ಆಡಿ ಬೆಳೆದ ಅಂಗಳ ಅದು. ಇಬ್ಬರಿಗೂ ಹೆಸರು ಗೊತ್ತಿಲ್ಲ.

ಮರುದಿನ ರಾತ್ರಿ ಬಸ್ಸು ಹತ್ತಿಸುವಾಗ ಅವ್ವ ಕಿಟಕಿಯಿಂದ ಹೇಳಿದ್ದು ಇದೇ: "ಊರಿಗೆ ಹೋಗಿ ಮೊದಲ ಆಯಿನ್ನ ಕೇಳಿ ಫೋನ್ ಮಾಡ್ತೇನಿ. ಬರಕೋ."

ಅದಕ್ಕೇ ನಿಮ್ಮನ್ನೂ ಒಂದು ಕೇಳ್ತೀನಿ. ಈ ವಾರ ನೀವು ದಿನಾ ಹೋಗೋ ದಾರಿಯಲ್ಲಿರೋ ಒಂದು ಪ್ರತಿಮೆಯ ಮುಂದೆ ಎರಡು ನಿಮಿಷ ನಿಂತು, ಮಾಡಿದವರು ಯಾರು ಅಂತ ಹುಡುಕಿ. ಪ್ರತಿಮೆ ಇಲ್ಲದಿದ್ದರೆ ಮನೆಯಲ್ಲಿರೋ ಕೌದಿ, ಚಾಪೆ, ಬುಟ್ಟಿ ಯಾವುದಾದರೂ ಸರಿ. ಹೆಸರು ಸಿಕ್ಕರೆ ಕೆಳಗೆ ಬರೀರಿ.

ಅವ್ವನ ಫೋನ್ ನಿನ್ನೆ ಸಂಜೆ ಬಂತು. ನಾನು ಮೀಟಿಂಗಿನಲ್ಲಿದ್ದೆ, ಆದರೂ ಎದ್ದು ಹೊರಗೆ ಬಂದು ತಗೊಂಡೆ. ಆಯಿಯೇ ಫೋನ್ ಇಸ್ಕೊಂಡು, ನಕ್ಕೊಂತ, ತನ್ನ ಹೆಸರು ತಾನೇ ಹೇಳಿದಳು. ಬರಕೊಂಡೆ. ಆಮೇಲೆ ಆಫೀಸಿನ ಗೆಳತಿಗೆ ಮೆಸೇಜ್ ಹಾಕಿದೆ: "ಎರಡು ವರ್ಷದ ಹಿಂದೆ ಒಂದು ಪ್ರಶ್ನೆ ಕೇಳಿದ್ದೆಯಲ್ಲ, ಉತ್ತರ ಈಗ ಸಿಕ್ತು. ನಾಲ್ಕು ಹೆಸರಿವೆ."